ಕೆಲಸದ ನಡುವೆ ನುಗ್ಗುವ ಸೂಚನೆಗಳು

ಕಲ್ಯಾಣ, ಡೊಂಬಿವಲಿಗಳಿಂದ ನವಿ ಮುಂಬಯಿಯ ಐಟಿ ಕಚೇರಿಗಳಿಗೆ ಹೋಗುವವರು ಥಾಣೆಯಲ್ಲಿ ಇಳಿದು, ಮೇಲ್ಸೇತುವೆ ಹತ್ತಿ, ಟ್ರಾನ್ಸ್ ಹಾರ್ಬರ್ ಲೋಕಲ್ ಹಿಡಿಯುತ್ತಾರೆ. 2004ರ ನವೆಂಬರ್‌ನಲ್ಲಿ ಥಾಣೆ–ವಾಶಿ ಮಾರ್ಗ ಪ್ರಯಾಣಿಕರಿಗೆ ತೆರೆದ ಮೇಲೆ ಐರೋಲಿ, ಘಣಸೋಲಿ, ಮಹಾಪೆಯ ಕೆಲಸಗಳು ಇವರಿಗೆ ಎಟುಕುವ ದೂರಕ್ಕೆ ಬಂದವು. ಎರಡು ರೈಲುಗಳ ನೂಕುನುಗ್ಗಲು ದಾಟಿ ಕುರ್ಚಿಯಲ್ಲಿ ಕೂರುವ ಹೊತ್ತಿಗೆ ಉಳಿದಿರುವ ಗಮನವೇ ಅವರ ಆ ದಿನದ ಬಂಡವಾಳ. ಅದನ್ನು ಪ್ರೋಗ್ರಾಮಿನ ದೋಷವೊಂದನ್ನು ಹುಡುಕಲೋ, ಸಾಲದ ಖಾತೆಯೊಂದನ್ನು ತಾಳೆ ನೋಡಲೋ ಹೂಡಿ ಕೂತಿರುವಾಗ ಪರದೆಯ ಮೂಲೆಯಲ್ಲಿ ಒಂದು ಪೆಟ್ಟಿಗೆ ಟಿಂಗ್ ಎಂದು ಜಾರಿ ಬರುತ್ತದೆ. ಯಾರೋ ಗುಂಪಿನ ಸಂದೇಶಕ್ಕೆ ಹೆಬ್ಬೆರಳು ಒತ್ತಿದ್ದಾರೆ. ಆ್ಯಂಟಿವೈರಸ್ ತನ್ನ ಕೆಲಸ ಮುಗಿಸಿದೆ. ನಾಳಿದ್ದಿನ ಸಭೆಯ ಸಮಯ ಬದಲಾಗಿದೆ. ಯಾವುದೂ ಸುಳ್ಳಲ್ಲ, ಕೆಲವು ಬೇಕಾದವೇ. ಆದರೆ ಆ ಕ್ಷಣಕ್ಕೆ ಬೇಕಾದದ್ದು ಯಾವುದೂ ಅಲ್ಲ. ಒಂದು ಸಂದೇಶವನ್ನು ಯಾವಾಗ ಕಳಿಸಬೇಕು ಎಂದು ನಿರ್ಧರಿಸುವ ಹಕ್ಕು ಕಳಿಸುವವರದು. ಅದು ಯಾವಾಗ ಕಣ್ಣಿಗೆ ಬೀಳಬೇಕು ಎಂದು ನಿರ್ಧರಿಸುವ ಹಕ್ಕು ಕೆಲಸ ಮಾಡುತ್ತಿರುವವರದು. ನಮ್ಮ ಡೆಸ್ಕ್‌ಟಾಪ್ ನೋಟಿಫಿಕೇಶನ್‌ಗಳ ಮೂಲ ದೋಷವೆಂದರೆ ಈ ಎರಡನ್ನೂ ಒಂದೇ ಕ್ಷಣಕ್ಕೆ ಕಟ್ಟಿಹಾಕಿರುವುದು. ಇದು ಬಳಕೆದಾರರ ಶಿಸ್ತಿನ ಪ್ರಶ್ನೆಯಲ್ಲ, ವಿನ್ಯಾಸದ ಪ್ರಶ್ನೆ. ಸರಿಪಡಿಸಬಹುದಾದ ಪ್ರಶ್ನೆ ಕೂಡ.

ಇದರಿಂದಾಗುವ ನಷ್ಟ ಬರೀ ಕಿರಿಕಿರಿಯಷ್ಟೇ ಎಂದು ತಿಳಿದವರು ಇದ್ದಾರೆ. ಶಂಸಿ ಇಕ್ಬಾಲ್ ಮತ್ತು ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ಎರಿಕ್ ಹಾರ್ವಿಟ್ಜ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಆ ತಿಳಿವಳಿಕೆಯನ್ನು ಅಲ್ಲಾಡಿಸುತ್ತದೆ. 27 ಜನರ ಕಂಪ್ಯೂಟರ್ ಬಳಕೆಯನ್ನು ಎರಡು ವಾರ ದಾಖಲಿಸಿ ನೋಡಿದಾಗ, ಸೂಚನೆಯೊಂದರ ಬೆನ್ನುಹತ್ತಿ ಹೋದವರು ಸರಾಸರಿ ಹತ್ತು ನಿಮಿಷದಷ್ಟು ಹೊತ್ತು ಅತ್ತಲೇ ಕಳೆದಿದ್ದರು. ಬಿಟ್ಟ ಕೆಲಸದಲ್ಲಿ ಮತ್ತೆ ಮನಸ್ಸು ನೆಡಲು ಇನ್ನೂ ಹತ್ತು ಹದಿನೈದು ನಿಮಿಷ ಹಿಡಿದಿತ್ತು. ಸಂದೇಶವನ್ನು ಓದಲು ಬೇಕಾದದ್ದು ಕೆಲವೇ ಸೆಕೆಂಡು. ಬೆಲೆ ತೆರುವುದು ಅದಕ್ಕಲ್ಲ. ಲೆಕ್ಕದ ನಡುವೆ ಇರುವವರ ತಲೆಯಲ್ಲಿ ನಾಲ್ಕೈದು ಎಳೆಗಳು ಒಟ್ಟಿಗೆ ಹಿಡಿದು ನಿಂತಿರುತ್ತವೆ: ಈ ಅಂಕಿ ಎಲ್ಲಿಂದ ಬಂತು, ಆ ಕೋಷ್ಟಕದಲ್ಲಿ ಏನು ನೋಡಬೇಕಿತ್ತು, ಮುಂದಿನ ಹೆಜ್ಜೆ ಯಾವುದು. ಇವು ಎಲ್ಲೂ ಬರೆದಿಟ್ಟವಲ್ಲ, ಮನಸ್ಸು ಅತ್ತ ಸರಿದೊಡನೆ ಕಳಚಿಹೋಗುವಂಥವು. ಹಿಂತಿರುಗಿ ಬಂದವರು ಅವನ್ನು ಮೊದಲಿನಿಂದ ಪೋಣಿಸಬೇಕು. ಪರದೆಯ ಮೇಲಿನ ಕಡತ ಬಿಟ್ಟಂತೆಯೇ ತೆರೆದಿರುವುದರಿಂದ ಈ ಮರುಜೋಡಣೆ ಹೊರಗಿನವರಿಗೆ ಕಾಣುವುದೇ ಇಲ್ಲ. ಯಾವ ಟೈಮ್‌ಶೀಟಿನಲ್ಲೂ ಅದಕ್ಕೊಂದು ಅಂಕಣವಿಲ್ಲ.

ತಂಡಗಳ ಮುಖ್ಯಸ್ಥರು ಇಲ್ಲೊಂದು ಮಾತು ಹೇಳಬಹುದು: ಅಡ್ಡಿಗಳಿದ್ದರೂ ಕೆಲಸವೇನೂ ನಿಂತಿಲ್ಲವಲ್ಲ? ಅವರ ಮಾತಿಗೆ ಪುರಾವೆಯೂ ಇದೆ. ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಡ್ಡಿಗೆ ಒಳಗಾದವರು ಇತರರಿಗಿಂತ ಬೇಗನೆ ಕೆಲಸ ಮುಗಿಸಿದ್ದರು. ಆದರೆ ಅದೇ ಪ್ರಯೋಗ ಆ ವೇಗಕ್ಕೆ ತೆತ್ತ ಬೆಲೆಯನ್ನೂ ಅಳೆದಿತ್ತು. ಅವರು ಹೆಚ್ಚು ಒತ್ತಡ, ಹೆಚ್ಚು ಹತಾಶೆ, ಹೆಚ್ಚು ಧಾವಂತ ಅನುಭವಿಸಿದ್ದರು. ಅಂದರೆ ಕಳೆದ ಸಮಯವನ್ನು ಅವರು ತಮ್ಮ ಮೈಮನಸ್ಸಿನಿಂದ ತುಂಬಿಕೊಟ್ಟರು. ಸಂಜೆ ಮತ್ತೆ ಎರಡು ರೈಲು ಹಿಡಿದು ಮನೆ ಸೇರಬೇಕಾದವರಿಂದ ದಿನವೂ ಈ ವಸೂಲಿ ನಡೆಯುವುದನ್ನು ದಕ್ಷತೆ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಈ ಸಮಸ್ಯೆಯನ್ನು ಕಚೇರಿಗಳಿಗಿಂತ ಬಹಳ ಮೊದಲೇ ಎದುರಿಸಿ, ಪಾಠ ಕಲಿತ ಉದ್ಯಮವೊಂದು ಇದೆ. ಅದರ ಹೊಗೆಕೊಳವೆಗಳು ಐರೋಲಿಯ ಗಾಜಿನ ಕಟ್ಟಡಗಳಿಂದ ದೂರವೇನಿಲ್ಲ. ಥಾಣೆ ಖಾಡಿಯ ಅಂಚಿನ ಟಿಟಿಸಿ ಕೈಗಾರಿಕಾ ಪಟ್ಟಿಯಲ್ಲೂ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲೂ ರಾಸಾಯನಿಕ ಕಾರ್ಖಾನೆಗಳಿವೆ. ಇಂಥ ಕಾರ್ಖಾನೆಗಳನ್ನು ನಡೆಸುವ ನಿಯಂತ್ರಣ ಕೊಠಡಿಯ ಪರದೆ ಎಂದರೆ ಎಚ್ಚರಿಕೆಗಳ ಪರದೆ. ಅಲ್ಲಿ ಸೂಚನೆಗಳು ಅತಿಯಾದರೆ ಏನಾಗುತ್ತದೆ ಎಂಬುದಕ್ಕೆ 1994ರ ಜುಲೈ 24ರಂದು ಬ್ರಿಟನ್ನಿನ ಮಿಲ್ಫರ್ಡ್ ಹೇವನ್‌ನ ಟೆಕ್ಸಾಕೊ ತೈಲ ಶುದ್ಧೀಕರಣಾಗಾರದಲ್ಲಿ ಆದ ಸ್ಫೋಟ ಸಾಕ್ಷಿ. ಸ್ಫೋಟಕ್ಕೆ ಮುಂಚಿನ ಕೊನೆಯ ಸುಮಾರು ಹನ್ನೊಂದು ನಿಮಿಷಗಳಲ್ಲಿ ಇಬ್ಬರು ನಿರ್ವಾಹಕರ ಮುಂದೆ 275 ಎಚ್ಚರಿಕೆಗಳು ಬಂದಿದ್ದವು. ಅಲ್ಲಿ ಅಳವಡಿಸಿದ್ದ ಎರಡು ಸಾವಿರಕ್ಕೂ ಹೆಚ್ಚು ಎಚ್ಚರಿಕೆಗಳಲ್ಲಿ ಬಹುಪಾಲು 'ಅತಿ ಮುಖ್ಯ' ಎಂಬ ದರ್ಜೆಯವೇ ಆಗಿದ್ದವು ಎಂದು ಬ್ರಿಟಿಷ್ ಸರ್ಕಾರದ ಸುರಕ್ಷತಾ ಇಲಾಖೆಯ ತನಿಖೆ ಹೇಳಿತು. ಎಲ್ಲವೂ ಮುಖ್ಯವಾದಾಗ ನಿಜವಾಗಿ ಮುಖ್ಯವಾದದ್ದು ಅವುಗಳ ನಡುವೆ ಮುಳುಗಿಹೋಯಿತು. ಐದು ವರ್ಷಗಳ ಬಳಿಕ, 1999ರಲ್ಲಿ, ಉದ್ಯಮದ ಒಕ್ಕೂಟವೊಂದು ಹೊರತಂದ 'ಈಮುವಾ 191' ಮಾರ್ಗಸೂಚಿ ಸಹಜ ಸ್ಥಿತಿಯಲ್ಲಿ ಒಬ್ಬ ನಿರ್ವಾಹಕರಿಗೆ ಹತ್ತು ನಿಮಿಷಕ್ಕೆ ಒಂದು ಎಚ್ಚರಿಕೆಯಷ್ಟು ಮಾತ್ರ ಬರಬಹುದು ಎಂದಿತು. ನೂರರಲ್ಲಿ ಐದರಷ್ಟಕ್ಕೆ ಮಾತ್ರ ಅತ್ಯುನ್ನತ ದರ್ಜೆ ಸಲ್ಲಬೇಕು ಎಂದೂ ಸೂಚಿಸಿತು. ಅದಕ್ಕಿಂತ ದೊಡ್ಡದು ಅಲ್ಲಿನ ಮೂಲ ನಿಯಮ. ಯಾವ ಸೂಚನೆಗೆ ಮನುಷ್ಯ ತಕ್ಷಣ ಏನಾದರೂ ಮಾಡಬೇಕಾಗಿಲ್ಲವೋ ಅದು ಎಚ್ಚರಿಕೆಯೇ ಅಲ್ಲ. ಅದರ ಜಾಗ ದಾಖಲೆಯ ಪುಸ್ತಕ.

ಸ್ಫೋಟದ ಭಯವಿಲ್ಲದ ಕಚೇರಿಯ ಕಂಪ್ಯೂಟರಿಗೆ ಇಷ್ಟು ಕಟ್ಟುನಿಟ್ಟು ಬೇಕೇ ಎಂದು ಕೇಳಬಹುದು. ಅಪಾಯದ ಗಾತ್ರ ಬೇರೆ, ನಿಜ. ಮನುಷ್ಯನ ಗಮನದ ಗಾತ್ರ ಎರಡೂ ಕಡೆ ಒಂದೇ. ಮೈಕ್ರೋಸಾಫ್ಟ್ 2025ರಲ್ಲಿ ಹೊರಗೆಡಹಿದ ತನ್ನದೇ ಅಂಕಿಅಂಶದ ಪ್ರಕಾರ, ಅತಿ ಹೆಚ್ಚು ಸಂದೇಶ ಪಡೆಯುವ ಬಳಕೆದಾರರಿಗೆ ಕೆಲಸದ ಅವಧಿಯಲ್ಲಿ ಸರಾಸರಿ ಎರಡು ನಿಮಿಷಕ್ಕೊಮ್ಮೆ ಸಭೆ, ಮೇಲ್ ಅಥವಾ ಸಂದೇಶದ ಅಡ್ಡಿ ಎದುರಾಗುತ್ತದೆ. ರಾಸಾಯನಿಕ ಕಾರ್ಖಾನೆಗೆ ಸಹನೀಯ ಎಂದು ಒಪ್ಪಿದ ಮಿತಿಯ ಐದು ಪಟ್ಟು ಇದು. ಅಲ್ಲಿ ಇಂಥ ಪರದೆಯನ್ನು ವಿನ್ಯಾಸದ ದೋಷವೆಂದು ಬದಿಗಿಡುತ್ತಾರೆ. ಇಲ್ಲಿ ಅದೇ ಪರದೆಗೆ 'ಸಹಯೋಗ' ಎಂಬ ಹೆಸರು.

ಹಾಗಾದರೆ ಒಳ್ಳೆಯ ಸೂಚನೆ ಹೇಗಿರಬೇಕು? ಥಾಣೆ ನಿಲ್ದಾಣದ ಪ್ಲಾಟ್‌ಫಾರ್ಮ್ ಅದನ್ನು ದಿನವೂ ತೋರಿಸಿಕೊಡುತ್ತಿದೆ. ತಲೆಯ ಮೇಲಿನ ಇಂಡಿಕೇಟರ್ ಮುಂದಿನ ಗಾಡಿ ಎಲ್ಲಿಯದು, ಫಾಸ್ಟೋ ಸ್ಲೋವೋ, 12 ಡಬ್ಬಿಯೋ 15 ಡಬ್ಬಿಯೋ, ಇನ್ನೆಷ್ಟು ನಿಮಿಷ ಎಂಬುದನ್ನು ಬಾಯಿ ಬಿಡದೆ ಹೇಳುತ್ತದೆ. ಪೇಪರು ಓದುತ್ತಿರುವವರು ಬೇಕಾದಾಗ ಒಮ್ಮೆ ಕತ್ತೆತ್ತಿದರೆ ಸಾಕು. ಗಾಡಿಯ ಪ್ಲಾಟ್‌ಫಾರ್ಮ್ ಬದಲಾದರೆ ಧ್ವನಿವರ್ಧಕ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಕೂಗುತ್ತದೆ, ಏಕೆಂದರೆ ಆಗ ನಿಂತವರು ನಡೆಯಲೇಬೇಕು. ಹಳಿಯ ಅಂಚಿನಲ್ಲಿ ಯಾರಾದರೂ ಇದ್ದರೆ ಮೋಟಾರ್‌ಮನ್ ಹಾರ್ನ್ ಒತ್ತುತ್ತಾರೆ. ಮೂರು ಬಗೆಯ ಸುದ್ದಿಗೆ ಮೂರು ಬಗೆಯ ದನಿ. ಈ ವ್ಯವಸ್ಥೆ ಕೆಡುವುದೂ ಅಲ್ಲೇ ಕಾಣುತ್ತದೆ. ಜಾಹೀರಾತು, ಉಪದೇಶಗಳೆಲ್ಲ ಅದೇ ಧ್ವನಿವರ್ಧಕದಲ್ಲಿ ಹರಿದಾಗ ಕಿವಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಪ್ಲಾಟ್‌ಫಾರ್ಮ್ ಬದಲಾದ ಪ್ರಕಟಣೆಯೂ ಅದರೊಂದಿಗೆ ತಪ್ಪಿಹೋಗುತ್ತದೆ. ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿದ್ದ ಮಾರ್ಕ್ ವೈಸರ್ ಮತ್ತು ಜಾನ್ ಸೀಲಿ ಬ್ರೌನ್ 1995ರಲ್ಲಿ 'ಶಾಂತ ತಂತ್ರಜ್ಞಾನ' ಎಂಬ ಕಲ್ಪನೆ ಮುಂದಿಟ್ಟಾಗ ಹೇಳಿದ್ದೂ ಇದನ್ನೇ. ಮಾಹಿತಿ ಬಹುಪಾಲು ಹೊತ್ತು ಗಮನದ ಅಂಚಿನಲ್ಲಿರಬೇಕು, ಬೇಕಾದಾಗ ನಡುವಿಗೆ ಬಂದು ಮತ್ತೆ ಅಂಚಿಗೆ ಸರಿಯಬೇಕು. ಅವರು ಕೊಟ್ಟ ಉದಾಹರಣೆ ನಟಾಲಿ ಜೆರೆಮಿಜೆಂಕೊ ಎಂಬ ಕಲಾವಿದೆ ಅಲ್ಲಿನ ಮೂಲೆಯೊಂದರಲ್ಲಿ ತೂಗುಬಿಟ್ಟ ಎಂಟು ಅಡಿಯ ಪ್ಲಾಸ್ಟಿಕ್ ಎಳೆ. ಕಚೇರಿಯ ನೆಟ್‌ವರ್ಕಿನಲ್ಲಿ ದಟ್ಟಣೆ ಹೆಚ್ಚಿದರೆ ಅದು ಗಿರಗಿರನೆ ಸುತ್ತುತ್ತಿತ್ತು, ಕಡಿಮೆಯಾದರೆ ಆಗೊಮ್ಮೆ ಈಗೊಮ್ಮೆ ಮಿಸುಕುತ್ತಿತ್ತು. ಯಾರ ಕೆಲಸವನ್ನೂ ನಿಲ್ಲಿಸದೆ ಎಲ್ಲರಿಗೂ ವಿಷಯ ತಿಳಿಯುತ್ತಿತ್ತು.

ಸಾಫ್ಟ್‌ವೇರ್ ಜಗತ್ತು ಈ ದಿಕ್ಕಿನಲ್ಲಿ ಏನೂ ಮಾಡಿಲ್ಲ ಎಂದರೆ ಅನ್ಯಾಯವಾದೀತು. 2009ರ ಏಪ್ರಿಲ್‌ನಲ್ಲಿ ಬಂದ ಉಬುಂಟು 9.04 ಒಂದು ಧೈರ್ಯದ ಪ್ರಯೋಗ ಮಾಡಿತು. ಅದರ ಸೂಚನಾ ಪೆಟ್ಟಿಗೆಯಲ್ಲಿ ಒಂದು ಗುಂಡಿಯೂ ಇರಲಿಲ್ಲ. ಮೌಸ್ ಹತ್ತಿರ ಬಂದರೆ ಅದು ಮಸುಕಾಗುತ್ತಿತ್ತು, ಅದರ ಕೆಳಗಿನ ಕಿಟಕಿಯ ಮೇಲೆ ಕ್ಲಿಕ್ ಮಾಡಲು ದಾರಿ ಬಿಡುತ್ತಿತ್ತು. ಸೂಚನೆ ಬಳಕೆದಾರರಿಂದ ಏನನ್ನೂ ಬೇಡಬಾರದು ಎಂಬ ತತ್ವವನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದ ಇನ್ನೊಂದು ವಿನ್ಯಾಸ ನನಗೆ ತಿಳಿದಿಲ್ಲ. ಅದರ ಕೊರತೆ ಬೇರೆ ಕಡೆ ಇತ್ತು: ಸೂಚನೆ ಮೂಡುವ ಕ್ಷಣವನ್ನು ಅದೂ ಕಳಿಸುವ ಪ್ರೋಗ್ರಾಮಿನ ಕೈಗೇ ಬಿಟ್ಟಿತ್ತು. ವೆಬ್ ಬ್ರೌಸರ್‌ಗಳ ಕಥೆ ಇನ್ನೂ ಸ್ಪಷ್ಟ. 'ಸೂಚನೆ ಕಳಿಸಲು ಅನುಮತಿ ಕೊಡುವಿರಾ' ಎಂದು ಜಾಲತಾಣಗಳು ಕೇಳುವ ಪೆಟ್ಟಿಗೆಗಳಲ್ಲಿ ನೂರಕ್ಕೆ ಸುಮಾರು 99ಕ್ಕೆ ಒಪ್ಪಿಗೆ ಸಿಗುವುದಿಲ್ಲ ಎಂದು ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ 2019ರಲ್ಲಿ ಪ್ರಕಟಿಸಿತು. 2020ರ ಜನವರಿಯ ಆವೃತ್ತಿಯಿಂದ ಆ ಪೆಟ್ಟಿಗೆ ತಾನಾಗಿ ಏಳುವುದನ್ನೇ ನಿಲ್ಲಿಸಿ, ವಿಳಾಸದ ಸಾಲಿನಲ್ಲಿ ಒಂದು ಪುಟ್ಟ ಚಿಹ್ನೆಯಷ್ಟೇ ಮೂಡುವಂತೆ ಮಾಡಿತು. ಮರುತಿಂಗಳೇ ಗೂಗಲ್ ಕ್ರೋಮ್ ಕೂಡ ಇಂಥ ಮೆಲುದನಿಯ ಏರ್ಪಾಡು ತಂದಿತು. ಕೋಟ್ಯಂತರ ಜನ ಬೇಡ ಎನ್ನುತ್ತಲೇ ಇದ್ದರು; ಅದನ್ನು ಎಣಿಸಿ ನೋಡಿ, ಡಿಫಾಲ್ಟ್ ಬದಲಿಸಿದ್ದರಿಂದ ಮಾತ್ರ ಉಪದ್ರವ ತಗ್ಗಿತು.

ತುರ್ತಿನ ದರ್ಜೆಯನ್ನು ಯಾರು ನಿಗದಿ ಮಾಡಬೇಕು ಎಂಬಲ್ಲಿ ವಿಷಯ ಗಂಟಾಗುತ್ತದೆ. ಲಿನಕ್ಸ್ ಡೆಸ್ಕ್‌ಟಾಪ್‌ಗಳ ಸೂಚನಾ ಮಾನದಂಡದಲ್ಲಿ ಕಡಿಮೆ, ಸಾಮಾನ್ಯ, ತುರ್ತು ಎಂಬ ಮೂರು ಮಟ್ಟಗಳಿವೆ. ಹೇಳಿಕೊಳ್ಳಲು ಚೆನ್ನ, ಆದರೆ ಮಟ್ಟವನ್ನು ಬರೆದು ಕಳಿಸುವುದು ಆಯಾ ಪ್ರೋಗ್ರಾಮೇ. ತನ್ನ ಸುದ್ದಿ ಕ್ಷುಲ್ಲಕ ಎಂದು ತಾನೇ ಒಪ್ಪಿಕೊಳ್ಳುವ ಪ್ರೋಗ್ರಾಮು ಅಪರೂಪ. ಈ ಗಂಟನ್ನು ಬಿಡಿಸುವ ಒಂದು ದಾರಿಯನ್ನು ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಮೊಬೈಲ್ ಎಸ್‌ಎಂಎಸ್ ವಿಷಯದಲ್ಲಿ ತೋರಿಸಿದೆ. 2018ರ ನಿಯಮಾವಳಿಗೆ 2025ರಲ್ಲಿ ಮಾಡಿದ ತಿದ್ದುಪಡಿಯಂತೆ ವಾಣಿಜ್ಯ ಸಂದೇಶ ಕಳಿಸುವವರ ಹೆಸರಿನ ಕೊನೆಗೆ ಒಂದು ಅಕ್ಷರ ಸೇರಬೇಕು: ಪ್ರಚಾರಕ್ಕೆ ಪಿ, ಸೇವೆಗೆ ಎಸ್, ವಹಿವಾಟಿಗೆ ಟಿ, ಸರ್ಕಾರಕ್ಕೆ ಜಿ. ಸಂದೇಶದ ಜಾತಿಯನ್ನು ಹೊರಗಿನ ನಿಯಮವೊಂದು ಕಟ್ಟಿಕೊಡುತ್ತದೆ, ಕಳಿಸುವವರ ಆತ್ಮಪ್ರಶಂಸೆಯಲ್ಲ. ಡೆಸ್ಕ್‌ಟಾಪಿನಲ್ಲಿ ಈ ಕೆಲಸವನ್ನು ಕಾರ್ಯಾಚರಣಾ ವ್ಯವಸ್ಥೆಯೇ ಮಾಡಬೇಕು. ಪ್ರತಿ ಸೂಚನೆಗೂ ಅದು ಒಂದೇ ಪ್ರಶ್ನೆ ಕೇಳಬೇಕು: ಇದನ್ನು ಒಂದು ಗಂಟೆ ತಡವಾಗಿ ನೋಡಿದರೆ ಏನು ಹಾನಿ? ಉತ್ತರವಿಲ್ಲದ ಸೂಚನೆ ಪಟ್ಟಿಗೆ ಹೋಗಬೇಕು, ಪರದೆಗಲ್ಲ.

ಪಟ್ಟಿಗೆ ಹೋದದ್ದು ಯಾವಾಗ ಎದುರಿಗೆ ಬರಬೇಕು? ಇಕ್ಬಾಲ್ ಮತ್ತು ಬ್ರಯಾನ್ ಬೇಲಿ ನಡೆಸಿದ ಅಧ್ಯಯನಗಳು ಇದಕ್ಕೆ ಬಳಸಬಹುದಾದ ಉತ್ತರ ಕೊಟ್ಟಿವೆ. ಯಾವ ಕೆಲಸವೂ ಒಂದೇ ಓಟದ್ದಲ್ಲ, ಅದರೊಳಗೆ ಸಹಜ ನಿಲುಗಡೆಗಳಿವೆ. ಮೇಲ್ ಬರೆದು ಕಳಿಸಿದ ಮರುಕ್ಷಣ, ಕಡತ ಉಳಿಸಿ ಮುಚ್ಚಿದಾಗ, ಕರೆ ಮುಗಿದಾಗ, ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ತಾವಾಗಿ ದಾಟಿದಾಗ ತಲೆಯಲ್ಲಿ ಹಿಡಿದ ಎಳೆಗಳು ತಾವೇ ಸಡಿಲವಾಗಿರುತ್ತವೆ. ಸೂಚನೆಯನ್ನು ಅಲ್ಲಿಯವರೆಗೆ ತಡೆದರೆ ಕಿರಿಕಿರಿ ಕಡಿಮೆಯಾಗುತ್ತದೆ ಎಂದು ಅವರು ತೋರಿಸಿದರು. ಈ ನಿಲುಗಡೆಗಳನ್ನು ಗುರುತಿಸಲು ಬಳಕೆದಾರರ ಖಾಸಗಿ ಪಠ್ಯ ಓದಬೇಕಿಲ್ಲ, ಯಾವ ಕಿಟಕಿ ತೆರೆಯಿತು, ಯಾವುದು ಮುಚ್ಚಿತು ಎಂಬ ಅರಿವು ಕಂಪ್ಯೂಟರಿಗೆ ಈಗಾಗಲೇ ಇದೆ. ಆಟವೊಂದು ಪೂರ್ಣ ಪರದೆಯಲ್ಲಿ ನಡೆಯುವಾಗ ಸೂಚನೆಗಳನ್ನು ತಡೆಹಿಡಿಯಬಲ್ಲ ವಿಂಡೋಸ್, ಲೆಕ್ಕಪತ್ರದಲ್ಲಿ ಮುಳುಗಿದ ನೌಕರರಿಗೂ ಅಷ್ಟೇ ಮರ್ಯಾದೆ ಕೊಡಬಹುದು.

ಈಗ ಗಂಭೀರ ಆಕ್ಷೇಪಗಳು. ಬ್ಯಾಂಕಿನ ಸರ್ವರ್ ನಿಂತುಹೋದರೆ, ಗ್ರಾಹಕರ ಖಾತೆಯಿಂದ ಹಣ ಸೋರಿದರೆ ನಿಲುಗಡೆಗಾಗಿ ಕಾಯಬೇಕೇ? ಖಂಡಿತ ಬೇಡ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಗ್ರಾಹಕರ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದ ಅನಧಿಕೃತ ವಹಿವಾಟನ್ನು ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟದ ಹೊಣೆ ಗ್ರಾಹಕರ ಮೇಲೆ ಬೀಳುವುದಿಲ್ಲ. ಅಲ್ಲಿ ಸಂದೇಶ ತಲುಪುವುದೇ ರಕ್ಷಣೆ. ರಾತ್ರಿ ಪಾಳಿಯಲ್ಲಿ ಅಮೆರಿಕದ ಕಕ್ಷಿದಾರರ ಯಂತ್ರಗಳನ್ನು ಕಾಯುವ ಐರೋಲಿಯ ಎಂಜಿನಿಯರಿಗೂ ಜೋರಾದ ಸದ್ದು ಬೇಕೇ ಬೇಕು, ಅದಕ್ಕೆಂದೇ ಅವರು ಎಚ್ಚರಿರುವುದು. ಆದರೆ ಈ ಉದಾಹರಣೆಗಳು ನನ್ನ ವಾದವನ್ನೇ ಬಲಪಡಿಸುತ್ತವೆ. ಹೋಳಿ ಹಬ್ಬದ ಶುಭಾಶಯವೂ ಸರ್ವರ್ ಬಿದ್ದ ಸುದ್ದಿಯೂ ಒಂದೇ ಟಿಂಗ್‌ನಲ್ಲಿ ಬಂದರೆ ಎರಡನೆಯದಕ್ಕೇ ನಷ್ಟ. ಮಿಕ್ಕೆಲ್ಲ ಸುಮ್ಮನಿದ್ದಾಗಲೇ ತುರ್ತಿನ ದನಿಗೆ ಬೆಲೆ.

ಇನ್ನೊಂದು ಆಕ್ಷೇಪ ಹೆಚ್ಚು ಸಲ ಕೇಳಿಬರುವಂಥದು: ಬೇಡವಾದವರು ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಿಕೊಳ್ಳಲಿ. ಪೂರ್ತಿ ಆಫ್ ಮಾಡುವುದು ಮದ್ದಲ್ಲ ಎಂಬುದಕ್ಕೆ ಪುರಾವೆಯಿದೆ. ಇಕ್ಬಾಲ್ ಮತ್ತು ಹಾರ್ವಿಟ್ಜ್ 2010ರಲ್ಲಿ ಮೇಲ್ ಸೂಚನೆ ನಿಲ್ಲಿಸಿ ನೋಡಿದಾಗ ಕೆಲವರು ತಾವಾಗಿಯೇ ಮತ್ತೆ ಮತ್ತೆ ಮೇಲ್ ಪೆಟ್ಟಿಗೆ ತೆರೆದು ನೋಡತೊಡಗಿದರು. ನಿಕೋಲಸ್ ಫಿಟ್ಜ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಮೊಬೈಲ್ ಪ್ರಯೋಗದಲ್ಲಿ ಸೂಚನೆಗಳೇ ಇಲ್ಲದ ಗುಂಪಿನವರಿಗೆ ಏನೋ ತಪ್ಪಿಹೋಗುತ್ತಿದೆ ಎಂಬ ಆತಂಕ ಹೆಚ್ಚಿತು. ದಿನಕ್ಕೆ ಮೂರು ಸಲ ಒಟ್ಟುಗೂಡಿಸಿ ಪಡೆದವರ ಗಮನವೂ ಮನಃಸ್ಥಿತಿಯೂ ಉತ್ತಮಗೊಂಡವು. ಜನರಿಗೆ ಸುದ್ದಿ ಬೇಕು, ಅದು ಖಚಿತವಾಗಿ ಬರುತ್ತದೆ ಎಂಬ ಭರವಸೆ ಬೇಕು. ಬೇಡವಾದದ್ದು ಹೊತ್ತುಗೊತ್ತಿಲ್ಲದ ನುಗ್ಗುವಿಕೆ ಮಾತ್ರ. ಜೊತೆಗೆ, ಕಂಪನಿಯ ಲ್ಯಾಪ್‌ಟಾಪಿನಲ್ಲಿ ಎಷ್ಟೋ ಸೆಟ್ಟಿಂಗ್ಸ್‌ಗೆ ಬೀಗ ಹಾಕಿರುತ್ತದೆ. ಹಾಕಿರದ ಕಡೆಯೂ ಹೆಸರಿನ ಪಕ್ಕದ ಹಸಿರು ಚುಕ್ಕೆ ಕೆಂಪಾದರೆ ಮೇಲಿನವರು ಏನೆಂದುಕೊಂಡಾರು ಎಂಬ ಅಳುಕು ಹೊಸದಾಗಿ ಸೇರಿದ ಹುಡುಗ ಹುಡುಗಿಯರನ್ನು ತಡೆಯುತ್ತದೆ. ಡಿಫಾಲ್ಟ್ ಯಾವ ಕಡೆ ವಾಲಿದೆಯೋ ಬಲಹೀನರು ಆ ಕಡೆಯೇ ಉಳಿಯುತ್ತಾರೆ.

ಸದ್ದಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಅದು ಒಬ್ಬರಿಗೆ ಮಾತ್ರ ತಾಗುವುದಿಲ್ಲ. 2020ರ ಲಾಕ್‌ಡೌನ್ ನಂತರ ಕಚೇರಿ ಡೊಂಬಿವಲಿ, ಕಲ್ಯಾಣಗಳ ಒಂದು ಕೋಣೆ-ಅಡುಗೆಮನೆಯ ಫ್ಲ್ಯಾಟುಗಳೊಳಗೆ ಬಂತು, ವಾರದ ಕೆಲವು ದಿನ ಈಗಲೂ ಬರುತ್ತದೆ. ಅಲ್ಲಿ ಲ್ಯಾಪ್‌ಟಾಪಿನ ಟಿಂಗ್ ಪರೀಕ್ಷೆಗೆ ಓದುವ ಮಗುವಿಗೂ, ಮಧ್ಯಾಹ್ನ ಕಣ್ಣು ಮುಚ್ಚಿದ ಅಜ್ಜಿಗೂ ಕೇಳುತ್ತದೆ. ಪ್ರತ್ಯೇಕ ಓದುಕೋಣೆಯಿರುವ ಮನೆಗಳನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ಡಿಫಾಲ್ಟ್ ಇದು, ನಮ್ಮ ಮನೆಗಳಿಗೆ ಹೊಂದುವುದಿಲ್ಲ. ಪರದೆ ಹಂಚಿಕೊಂಡ ಸಭೆಯಲ್ಲಿ ಮನೆಯವರ ಸಂದೇಶ ಎಲ್ಲರೆದುರು ತೆರೆದುಕೊಳ್ಳುವುದೂ ಇದೇ ಅಜಾಗರೂಕತೆಯ ಫಲ. ಸಂದೇಶ ಕನ್ನಡದಲ್ಲಿದ್ದರೆ ಇನ್ನೊಂದು ತೊಂದರೆ: ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದ ಪೆಟ್ಟಿಗೆಯಲ್ಲಿ ಎಷ್ಟೋ ಸಲ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗಿ, ಓದಲು ಸಂದೇಶವನ್ನು ತೆರೆಯಲೇಬೇಕಾಗುತ್ತದೆ. ಒಂದು ನೋಟದಲ್ಲಿ ಮುಗಿಯಬೇಕಾದದ್ದು ಪೂರ್ತಿ ಅಡ್ಡಿಯಾಗುತ್ತದೆ.

ಕಾನೂನಿನಿಂದ ಸ್ವಲ್ಪ ನೆರವು ಸಿಗಬಹುದು. ಮಹಾರಾಷ್ಟ್ರದ ಸಂಸದೆ ಸುಪ್ರಿಯಾ ಸುಳೆ 2018ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆ, ಕೆಲಸದ ಅವಧಿಯ ಹೊರಗೆ ಕರೆ, ಸಂದೇಶಗಳಿಗೆ ಉತ್ತರಿಸದೆ ಇರುವ ಹಕ್ಕನ್ನು ನೌಕರರಿಗೆ ಕೊಡಲು ಹೊರಟಿತ್ತು. ಅದು ಕಾಯ್ದೆಯಾಗಲಿಲ್ಲ. ಆಗಿದ್ದರೂ ಕಚೇರಿಯ ಅವಧಿಯೊಳಗಿನ ಗಮನವನ್ನು ಅದು ಕಾಯುತ್ತಿರಲಿಲ್ಲ. ಆ ಕೆಲಸ ಸಾಫ್ಟ್‌ವೇರ್ ಬರೆಯುವವರದೇ. ಈ ಪಟ್ಟಣಗಳಲ್ಲಿ ಮನೆ ಮಾಡಿ, ಇದೇ ಕಚೇರಿಗಳಲ್ಲಿ ಬ್ಯಾಂಕು, ವಿಮೆ, ಆಸ್ಪತ್ರೆಗಳ ಪ್ರೋಗ್ರಾಮುಗಳನ್ನು ಬರೆಯುವ ಕನ್ನಡಿಗರು ಬೇಕಾದಷ್ಟಿದ್ದಾರೆ. ಅವರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಪ್ರೋಗ್ರಾಮು ಕಳಿಸುವ ಸೂಚನೆಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆದು, ನೋಡಿದವರು ತಕ್ಷಣ ಏನು ಮಾಡಬೇಕು ಎಂದು ಪ್ರತಿಯೊಂದರ ಮುಂದೆ ನಮೂದಿಸಿ. ಏನೂ ಮಾಡಬೇಕಿಲ್ಲದವುಗಳ ಸದ್ದನ್ನೂ ಪೆಟ್ಟಿಗೆಯನ್ನೂ ತೆಗೆದುಹಾಕಿ ಪಟ್ಟಿಗೆ ಸೇರಿಸಿ, ಉಳಿದವು ಕೆಲಸದ ನಿಲುಗಡೆಯವರೆಗೆ ಕಾಯಲಿ, ನಿಜವಾದ ತುರ್ತಿಗೆ ಮಾತ್ರ ದನಿ ಕೊಡಿ. ಇದಕ್ಕೆ ಹೊಸ ಸಂಶೋಧನೆ ಬೇಕಿಲ್ಲ, ಮುಂದಿನ ಆವೃತ್ತಿಯಲ್ಲೇ ಮಾಡಬಹುದು.